ಹೆತ್ತವರ ಬಳಿ ಬಿಡಲಾಗದ ಮಗು: ಸಮಿತಿಯ ಆದೇಶವೋ, ಕೋರ್ಟಿನ ಗಾರ್ಡಿಯನ್‌ಶಿಪ್ಪೋ, ದತ್ತೋ?

ಕುಡಿತ, ಹೊಡೆತ, ಜೈಲು, ವಾಸಿಯಾಗದ ಮಾನಸಿಕ ಕಾಯಿಲೆ, ಲೈಂಗಿಕ ದೌರ್ಜನ್ಯ. ಇವುಗಳಲ್ಲಿ ಯಾವುದೋ ಒಂದರಿಂದ ಮಗುವನ್ನು ಹೆತ್ತವರ ಮನೆಯಲ್ಲಿ ಬಿಡುವಂತಿಲ್ಲ ಎಂದಾಗ, ತುಮಕೂರು ಜಿಲ್ಲೆಯ ಯಾವ ಊರಲ್ಲೇ ಆಗಲಿ, ಆ ಮಗು ಮೊದಲು ಸೇರುವುದು ಅಜ್ಜಿಯ ಮನೆಯನ್ನೋ ಸೋದರಮಾವನ ಮನೆಯನ್ನೋ. ಆಮೇಲೆ ನಾಲ್ಕು ಜನ ಹಿರಿಯರು ಕೂತು ಮಾತಾಡಿ, ತಾಲ್ಲೂಕು ಕಚೇರಿ ಎದುರು ಛಾಪಾ ಕಾಗದ ಕೊಂಡು, ‘ಈ ಮಗುವನ್ನು ಇಂದಿನಿಂದ ಇಂಥವರ ಸುಪರ್ದಿಗೆ ಒಪ್ಪಿಸಿರುತ್ತೇವೆ’ ಎಂದು ಬರೆಸಿ ನೋಟರಿ ಮೊಹರು ಹಾಕಿಸುತ್ತಾರೆ.

ಆ ಕಾಗದಕ್ಕೆ ಕೊಟ್ಟ ದುಡ್ಡು ದಂಡ. ಹೆತ್ತವರ ಹಕ್ಕನ್ನು ಛಾಪಾ ಕಾಗದದ ಮೇಲೆ ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ. ನಾಳೆ ಅಪ್ಪ ಬಂದು ಮಗುವಿನ ಕೈ ಹಿಡಿದು ಕರೆದುಕೊಂಡು ಹೊರಟರೆ, ಠಾಣೆಯಲ್ಲಿ ಆ ಕಾಗದ ಚಾಚಿದರೂ ‘ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ’ ಎಂಬ ಉತ್ತರವೇ ಬರುವುದು ಹೆಚ್ಚು. ಬ್ಯಾಂಕಿನಲ್ಲೂ ಉಪನೋಂದಣಿ ಕಚೇರಿಯಲ್ಲೂ ಅದಕ್ಕೆ ಬೆಲೆಯಿಲ್ಲ. ಅನಾಥ ಅಥವಾ ಬಿಟ್ಟುಹೋದ ಮಗುವನ್ನು ಕಾನೂನಿನ ದಾರಿ ಬಿಟ್ಟು ದತ್ತು ಕೊಟ್ಟರೂ ಪಡೆದರೂ ಬಾಲನ್ಯಾಯ ಕಾಯ್ದೆ 2015ರ 80ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ನಡುವೆ ಹಣ ಓಡಾಡಿದರೆ 81ನೇ ಕಲಂ ಬರುತ್ತದೆ. ಅದರಲ್ಲಿ ಶಿಕ್ಷೆ ಇನ್ನೂ ಕಠಿಣ.

ಶಾಲೆಗೆ ಸೇರಿಸಲು ಬೇಕು ಎಂದು ಈ ಕಾಗದ ಮಾಡಿಸುವವರೂ ಇದ್ದಾರೆ. ಅದಕ್ಕೂ ಬೇಕಿಲ್ಲ. 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಹತ್ತಿರದ ಸರ್ಕಾರಿ ಶಾಲೆಗೆ ಮಗುವನ್ನು ಮೊದಲು ಸೇರಿಸಿ, ಹಾಜರಾತಿ ಶುರುವಾಗಲಿ. ಆ ಹಾಜರಾತಿ ಪುಸ್ತಕವೇ ಮುಂದೆ ಒಂದು ಮುಖ್ಯ ಸಾಕ್ಷಿಯಾಗುತ್ತದೆ. ಹೇಗೆ ಎಂಬುದು ಕೋರ್ಟಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ಮುಖ್ಯವಾಗಿ ಇರುವುದು ನಾಲ್ಕು: ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ನೆಂಟರ ಬಳಿ ಅಥವಾ ಬೇರೆ ಕುಟುಂಬದಲ್ಲಿ ಇರುವುದು, ಬಾಲಮಂದಿರ ಅಥವಾ ವಸತಿ ಶಾಲೆ, ಕೋರ್ಟಿನಿಂದ ಗಾರ್ಡಿಯನ್ (ಕಾನೂನುಬದ್ಧ ಪೋಷಕ) ಆಗಿ ನೇಮಕಗೊಳ್ಳುವುದು, ದತ್ತು. ಆಯ್ಕೆ ನಿಲ್ಲುವುದು ಮೂರು ಪ್ರಶ್ನೆಗಳ ಮೇಲೆ. ಇವತ್ತು ರಾತ್ರಿ ಮಗು ಕ್ಷೇಮವೇ? ಹೆತ್ತವರು ಮುಂದೆಂದಾದರೂ ಸರಿಹೋಗುವ ಸಾಧ್ಯತೆ ಇದೆಯೇ? ಮಗುವಿನ ಹೆಸರಲ್ಲಿ ಜಮೀನು, ಪರಿಹಾರ, ವಿಮೆ ಹಣ ಏನಾದರೂ ಇದೆಯೇ? ಮೊದಲ ಪ್ರಶ್ನೆಗೆ ಉತ್ತರಿಸಬಲ್ಲದ್ದು ಸಮಿತಿ. ಮೂರನೆಯದಕ್ಕೆ ಕೋರ್ಟು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದರಿಂದಲೇ ಹೆಚ್ಚಿನ ತೊಂದರೆ. ತುರ್ತು ಇರುವವರು ಕೋರ್ಟಿಗೆ ಹೋಗಿ ವಾಯಿದೆ ಎಣಿಸುತ್ತ ಕೂರುತ್ತಾರೆ, ಜಮೀನು ಇರುವವರು ಸಮಿತಿಯ ಆದೇಶ ಹಿಡಿದು ಉಪನೋಂದಣಿ ಕಚೇರಿಗೆ ಅಲೆಯುತ್ತಾರೆ.

ಮೊದಲು ಸಮಿತಿ

ಮಗು ಅಪಾಯದಲ್ಲಿದ್ದರೆ ಬೇರೇನೂ ಯೋಚಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಮಗುವನ್ನು ನೇರವಾಗಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಿರಿ. ಪೊಲೀಸರು, ಶಿಕ್ಷಕರು, ದಾದಿ, ವೈದ್ಯರು, ಸಾಮಾಜಿಕ ಕಾರ್ಯಕರ್ತರು ಕರೆತರಬಹುದು. ಮಗು ತಾನೇ ಬಂದು ನಿಂತರೂ ಸಮಿತಿ ಕೇಳಿಸಿಕೊಳ್ಳಬೇಕು. ಹಾಜರುಪಡಿಸಲು 24 ಗಂಟೆ ಗಡುವು, ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ಪಾವಗಡದಂಥ ದೂರದ ತಾಲ್ಲೂಕಿನಿಂದ ಬರುವವರು ಇದನ್ನು ನೆನಪಿಡಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು. ಹಾಗಾಗಿ ‘ಇವತ್ತು ಸಮಿತಿ ಇಲ್ಲ, ಸೋಮವಾರ ಬನ್ನಿ’ ಎಂಬ ಮಾತು ಕೇಳಿ ಮಗುವನ್ನು ಅದೇ ಮನೆಗೆ ವಾಪಸ್ ಕರೆದೊಯ್ಯಬೇಡಿ.

ದೌರ್ಜನ್ಯ ಲೈಂಗಿಕವಾಗಿದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ. ಗೊತ್ತಿದ್ದೂ ಮುಚ್ಚಿಟ್ಟ ದೊಡ್ಡವರಿಗೆ ಶಿಕ್ಷೆಯಿದೆ. ಆರೋಪಿ ಅದೇ ಮನೆಯಲ್ಲಿದ್ದರೆ, ಮಗುವನ್ನು ಅಲ್ಲಿಂದ ಹೊರಗಿಡಬೇಕೇ ಬೇಡವೇ ಎಂದು ಸಮಿತಿ 3 ದಿನದೊಳಗೆ ನಿರ್ಧರಿಸಬೇಕು. ಮನೆತನದ ಮರ್ಯಾದೆಯ ಮಾತು ಇಲ್ಲಿ ಬರುವುದೇ ಬೇಡ.

ಆಮೇಲೆ ತನಿಖೆ. ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ, ಅಂತಿಮ ಆದೇಶ ಮೊದಲ ಹಾಜರಿಯಿಂದ 4 ತಿಂಗಳಲ್ಲಿ ಆಗಬೇಕೆಂದು ಕಾಯ್ದೆ ಹೇಳುತ್ತದೆ. ವರದಿ ಬರೆಯುವವರು ನಿಮ್ಮ ಮನೆಗೆ ಬಂದಾಗ ನೋಡುವುದು ಗೋಡೆಯ ಬಣ್ಣವನ್ನಲ್ಲ. ಮಗು ಎಲ್ಲಿ ಮಲಗುತ್ತದೆ, ಮನೆಯಲ್ಲಿ ಬೇರೆ ಯಾರಿದ್ದಾರೆ, ಕುಡಿಯುವವರು ಇದ್ದಾರೆಯೇ, ನೀವು ತೋಟಕ್ಕೋ ಗಾರ್ಮೆಂಟ್ಸಿಗೋ ಹೋದಾಗ ಮಗು ಯಾರ ಬಳಿ ಇರುತ್ತದೆ, ಶಾಲೆ ಎಷ್ಟು ದೂರ, ಹೆತ್ತವರು ಜಗಳಕ್ಕೆ ಬಂದರೆ ಏನು ಮಾಡುತ್ತೀರಿ. ಈ ಕೊನೆಯ ಪ್ರಶ್ನೆಗೆ ತಡಬಡಾಯಿಸಿದರೆ ಅರ್ಜಿ ಅಲ್ಲೇ ಕುಂಟುತ್ತದೆ. ಅಪ್ಪನ ಮನೆ ಪಕ್ಕದ ಬೀದಿಯಲ್ಲೇ ಇದ್ದರೆ ಆ ವಿಷಯ ಮುಚ್ಚಿಡದೆ ಹೇಳಿ, ಮಗುವನ್ನು ಶಾಲೆಗೆ ಬಿಡುವವರು ಕರೆತರುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಿ.

ತನಿಖೆ ಮುಗಿದ ಮೇಲೆ ಸಮಿತಿ ಮಗುವನ್ನು ಹೆತ್ತವರಿಗೇ ನಿಗಾದಲ್ಲಿ ಒಪ್ಪಿಸಬಹುದು, ನೆಂಟರನ್ನು ‘ಅರ್ಹ ವ್ಯಕ್ತಿ’ ಎಂದು ಗುರುತಿಸಿ ಅವರ ಬಳಿ ಇರಿಸಬಹುದು, ಫಾಸ್ಟರ್ (ಸಮಿತಿಯೇ ಆರಿಸಿದ ಸಾಕು) ಕುಟುಂಬಕ್ಕೆ ಕೊಡಬಹುದು, ಬಾಲಮಂದಿರಕ್ಕೆ ಕಳಿಸಬಹುದು. ಅಜ್ಜಿಗೋ ಮಾವನಿಗೋ ಸಿಗುವ ಆದೇಶದ ಬಲ ಗೊತ್ತಾಗುವುದು ಅಪ್ಪ ಬಂದು ಬಾಗಿಲು ಬಡಿದಾಗ. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಪೀಠದ ಅಧಿಕಾರ ಇರುವುದರಿಂದ, ಆ ಆದೇಶದ ಪ್ರತಿ ಕೈಯಲ್ಲಿದ್ದರೆ ಠಾಣೆಯವರು ಸಿವಿಲ್ ಮ್ಯಾಟರು ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಒಂದು ಪ್ರತಿ ಶಾಲೆಯ ಮುಖ್ಯಶಿಕ್ಷಕರಿಗೆ, ಒಂದು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಣದ ವಿಷಯ. ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್) ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ನೆಂಟರ ಆಸರೆಯಲ್ಲಿರುವ ಅನಾಥ ಮಕ್ಕಳು, ವಿಧವೆಯ ಅಥವಾ ಗಂಡ ಬಿಟ್ಟವಳ ಮಕ್ಕಳು, ಹೆತ್ತವರು ದುಡಿಯಲಾಗದ ಮಕ್ಕಳು ಇದರಡಿ ಬರುತ್ತಾರೆ. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಂಜೂರು ಮಾಡುವ ಸಮಿತಿಯ ಮುಖ್ಯಸ್ಥರು ಜಿಲ್ಲಾಧಿಕಾರಿ. ಅರ್ಜಿ ನಿಲ್ಲುವುದು ಬಹುಪಾಲು ಸಣ್ಣ ಕಾರಣಕ್ಕೆ: ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಆಧಾರಿನಲ್ಲಿ ಒಂದು ಹೆಸರು ಶಾಲೆಯಲ್ಲಿ ಒಂದು ಹೆಸರು. 5 ಮತ್ತು 15ನೇ ವಯಸ್ಸಿನಲ್ಲಿ ಆಧಾರಿನ ಬೆರಳಚ್ಚು ನವೀಕರಿಸಬೇಕು, ಅದು ಬಿಟ್ಟುಹೋಗಿದ್ದರೂ ತೊಡಕು. ಮಗು ಶಾಲೆ ಬಿಟ್ಟರೆ ನೆರವು ತಡೆಹಿಡಿಯುತ್ತಾರೆ.

ಸಮಿತಿಯ ದಾರಿಯ ಮಿತಿಯನ್ನೂ ಹೇಳಬೇಕು. ಅದರ ಗುರಿಯೇ ಮಗುವನ್ನು ಆದಷ್ಟು ಮಟ್ಟಿಗೆ ಸ್ವಂತ ಕುಟುಂಬಕ್ಕೆ ಮರಳಿಸುವುದು. ಅಪ್ಪ ಕುಡಿತ ಬಿಟ್ಟು, ಚಿಕಿತ್ಸೆ ಪಡೆದು, ಕೆಲಸಕ್ಕೆ ಸೇರಿ ಸಮಿತಿಯ ಮುಂದೆ ನಿಂತರೆ ಆದೇಶ ಬದಲಾಗಬಹುದು. ನೆಂಟರಿಗೆ ಇದು ಅನ್ಯಾಯವೆನಿಸುತ್ತದೆ. ಮಗುವಿನ ಕಡೆಯಿಂದ ನೋಡಿದರೆ, ನಿಜಕ್ಕೂ ಸರಿಹೋದ ತಾಯಿ ಅಥವಾ ತಂದೆ ಮರಳಿ ಸಿಗುವುದು ದೊಡ್ಡ ಸಂಗತಿ. ಬರಿಯ ಬಾಯಿಮಾತಿನ ಮೇಲೆ ವಾಪಸ್ ಕಳಿಸಿದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಫಾಸ್ಟರ್ ಕೇರ್ ಮತ್ತು ಪ್ರಾಯೋಜಕತ್ವದ ತೀರ್ಮಾನಗಳ ಮೇಲಿನ ಮನವಿ ಮಾತ್ರ ಜಿಲ್ಲಾಧಿಕಾರಿಗೆ.

ಗಡಿಯವರಿಗೆ ಒಂದು ಮಾತು. ಪಾವಗಡದ ಮಗುವಿನ ಅಜ್ಜಿ ಆಂಧ್ರದ ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಇರುವುದು ಸಾಮಾನ್ಯ. ಹಾಗಿದ್ದಾಗ ತುಮಕೂರಿನ ಸಮಿತಿ ಅಲ್ಲಿನ ಸಮಿತಿಯೊಂದಿಗೆ ಸಮಾಲೋಚಿಸಿಯೇ ಮಗುವನ್ನು ಕಳಿಸಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಮಗು ತೆಲುಗು ಮಾತ್ರ ಆಡುತ್ತಿದ್ದರೆ ಮೊದಲ ದಿನವೇ ತಿಳಿಸಿ, ಭಾಷೆ ಬಲ್ಲವರನ್ನು ಕರೆಸುತ್ತಾರೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗು ಸುಮ್ಮನೆ ತಲೆಯಾಡಿಸಿದ್ದು ಹೇಳಿಕೆಯಾಗಿ ದಾಖಲಾದರೆ ಆಮೇಲೆ ಸರಿಪಡಿಸುವುದು ಕಷ್ಟ.

ನೆಂಟರು ಯಾರೂ ಮುಂದೆ ಬರದಿದ್ದರೆ

ಫಾಸ್ಟರ್ ಕೇರ್ ಎಂದರೆ ಸಮಿತಿ ಆರಿಸಿದ ಬೇರೆ ಕುಟುಂಬದಲ್ಲಿ ಮಗು ಬೆಳೆಯುವುದು. ಆ ಕುಟುಂಬಕ್ಕೂ ತಿಂಗಳಿಗೆ 4,000 ರೂಪಾಯಿ ನೆರವಿದೆ, ತಿಂಗಳಿಗೊಮ್ಮೆ ಸಮಿತಿಯ ಪರಿಶೀಲನೆ ಇರುತ್ತದೆ, ಅಕ್ಕ-ತಮ್ಮಂದಿರನ್ನು ಆದಷ್ಟೂ ಒಟ್ಟಿಗೆ ಇಡಬೇಕು. ಸಮಿತಿ ಬೇಡವೆನ್ನದಿದ್ದರೆ ಹೆತ್ತವರು ಬಂದು ನೋಡಬಹುದು. ಕಾಗದದ ಮೇಲೆ ಬಾಲಮಂದಿರಕ್ಕಿಂತ ಇದು ಒಳ್ಳೆಯದು, ನಮ್ಮ ಅಭಿಪ್ರಾಯವೂ ಅದೇ. ಆದರೆ ಮುಂದೆ ಬರುವ ಕುಟುಂಬಗಳು ವಿರಳ.

ಬಾಲಮಂದಿರಕ್ಕೆ ಅಂಜಬೇಕಿಲ್ಲ. ಬೆನ್ನಟ್ಟಿ ಬರುವ ಅಪ್ಪನಿದ್ದಾಗ, ಮೊದಲ ಕೆಲವು ವಾರಗಳಿಗೆ ಅಜ್ಜಿ ಮನೆಗಿಂತ ಅದೇ ಭದ್ರ. ಸೇರಿಸುವ ಸಂಸ್ಥೆ ಖಾಸಗಿಯದಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ರಕ್ಷಣಾ ಘಟಕದಲ್ಲಿ ಕೇಳಿ. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದು ಅಪರಾಧ.

ನಮ್ಮ ಜಿಲ್ಲೆಯಲ್ಲಿ ಬಹಳಷ್ಟು ಜನ ಹಿಡಿಯುವ ದಾರಿ ಇನ್ನೊಂದಿದೆ: ಸಿದ್ಧಗಂಗಾ ಮಠದಲ್ಲೋ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲೋ ಬಿಸಿಎಂ ಹಾಸ್ಟೆಲಿನಲ್ಲೋ ಮಗುವನ್ನು ಸೇರಿಸಿಬಿಡುವುದು. ಊಟ, ಓದು, ಶಿಸ್ತು ಎಲ್ಲ ಸಿಗುತ್ತದೆ. ಆದರೆ ಮಗುವಿನ ಮೇಲಿನ ಅಧಿಕಾರ ಒಂದಿಷ್ಟೂ ಬದಲಾಗಿರುವುದಿಲ್ಲ. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಮಗು ಅದೇ ಮನೆಗೆ, ಅದೇ ಮನುಷ್ಯನ ಬಳಿಗೆ ಮರಳುತ್ತದೆ. ದಾಖಲಾತಿಯಲ್ಲಿ ಅಪ್ಪನ ಹೆಸರಿದ್ದರೆ ವಾರ್ಡನ್ ಕಳಿಸದೆ ಇರುವುದಾದರೂ ಹೇಗೆ? ಹಾಸ್ಟೆಲಿಗೆ ಸೇರಿಸುವುದಾದರೆ ಸಮಿತಿಯ ಆದೇಶದಲ್ಲೇ ‘ರಜೆಯಲ್ಲಿ ಮಗುವನ್ನು ಇಂಥವರ ಜೊತೆ ಮಾತ್ರ ಕಳಿಸತಕ್ಕದ್ದು’ ಎಂದು ಬರೆಸಿ, ಆ ಪ್ರತಿಯನ್ನು ವಾರ್ಡನ್‌ಗೆ ಕೊಡಿ.

ಕೋರ್ಟಿನ ಗಾರ್ಡಿಯನ್‌ಶಿಪ್

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಗುವಿನ ವ್ಯಕ್ತಿರಕ್ಷಣೆಗೆ (ಮಗುವನ್ನು ಜೊತೆಗಿಟ್ಟು ಸಾಕುವ ಹೊಣೆಗೆ) ಅರ್ಜಿ ಕುಟುಂಬ ನ್ಯಾಯಾಲಯದಲ್ಲಿ, ಆಸ್ತಿಯ ಗಾರ್ಡಿಯನ್ ಆಗಲು ಜಿಲ್ಲಾ ನ್ಯಾಯಾಲಯದಲ್ಲಿ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿ, ಅದು ವಾಪಸ್ ಬಂದು ತಿಂಗಳುಗಳು ಕಳೆದುಹೋಗುವುದುಂಟು. ಮಗು ‘ಸಾಮಾನ್ಯವಾಗಿ ವಾಸವಿರುವ’ ಜಾಗದ ಕೋರ್ಟಿಗೇ ಅಧಿಕಾರ. ಬೆಂಗಳೂರಿನಲ್ಲಿ ಬೆಳೆದ ಮಗುವನ್ನು ಹೋದ ವಾರ ಗುಬ್ಬಿಗೆ ಕರೆತಂದು ತುಮಕೂರಿನಲ್ಲಿ ಅರ್ಜಿ ಹಾಕಿದರೆ ಎದುರಾಳಿ ವಕೀಲರ ಮೊದಲ ತಕರಾರು ಅದೇ. ಆಗಲೇ ನೆರವಿಗೆ ಬರುವುದು ಶಾಲೆಯ ಹಾಜರಾತಿ, ಅಂಗನವಾಡಿಯ ತಾಯಿ ಕಾರ್ಡು, ಲಸಿಕೆ ಹಾಕಿಸಿದ ದಾಖಲೆ.

ದೊಡ್ಡ ಅಡ್ಡಿ 19ನೇ ಕಲಂ. ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರೆಂದು ಕೋರ್ಟಿಗೆ ಮನವರಿಕೆಯಾಗದಿದ್ದರೆ, ಮಗುವಿನ ವ್ಯಕ್ತಿರಕ್ಷಣೆಗೆ ಬೇರೆ ಗಾರ್ಡಿಯನ್ ನೇಮಿಸುವಂತಿಲ್ಲ. ‘ಅವನು ಕುಡುಕ, ಊರಿಗೆಲ್ಲ ಗೊತ್ತು’ ಎಂಬ ಸಾಕ್ಷಿ ಅಲ್ಲಿ ನಿಲ್ಲುವುದಿಲ್ಲ. ಬೇಕಾದದ್ದು ಎಫ್‌ಐಆರ್, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಜೈಲಿನಿಂದ ಪತ್ರ, ಶಾಲೆಯವರ ಲಿಖಿತ ಹೇಳಿಕೆ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ಸಮಿತಿಯ ಸಾಮಾಜಿಕ ತನಿಖಾ ವರದಿ ಮತ್ತು ‘ಹೆತ್ತವರು ಅಸಮರ್ಥರು’ ಎಂಬ ಅದರ ಆದೇಶ. ಕೋರ್ಟಿಗೆ ಹೋಗಲೇಬೇಕೆಂದಿರುವವರಿಗೂ ಮೊದಲು ಸಮಿತಿಗೆ ಹೋಗಿ ಎಂದು ನಾವು ಹೇಳುವುದು ಇದಕ್ಕೇ. ಒಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ಮನೆಗೆ ಬಂದು ನೋಡಿ ಬರೆದ ಕಡತ ಅದೊಂದೇ.

ಅರ್ಜಿಯಲ್ಲಿ ಇರಬೇಕಾದದ್ದನ್ನು 10ನೇ ಕಲಂ ಹೇಳುತ್ತದೆ: ಮಗುವಿನ ಹೆಸರು, ಲಿಂಗ, ಧರ್ಮ, ಹುಟ್ಟಿದ ದಿನ, ವಾಸ, ಆಸ್ತಿ ಇದ್ದರೆ ಎಲ್ಲಿದೆ, ಅಂದಾಜು ಬೆಲೆ, ಈಗ ಮಗು ಯಾರ ಬಳಿ ಇದೆ, ಹತ್ತಿರದ ಸಂಬಂಧಿಕರ ಹೆಸರು ವಿಳಾಸ, ಹಿಂದೆ ಯಾವುದಾದರೂ ಕೋರ್ಟಿಗೆ ಅರ್ಜಿ ಹಾಕಿದ್ದರೆ ಅದರ ವಿವರ. ಗಾರ್ಡಿಯನ್ ಆಗಲು ಒಪ್ಪಿದ್ದೇನೆ ಎಂಬ ಸಹಿಯುಳ್ಳ ಘೋಷಣೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಸಂಬಂಧಿಕರ ಪಟ್ಟಿಯಲ್ಲಿ ಅಪ್ಪನ ಕಡೆಯವರನ್ನು ಬೇಕೆಂದೇ ಬಿಡುತ್ತಾರೆ, ನೋಟಿಸ್ ಹೋಗದಿರಲಿ ಎಂದು. ಅದು ತಿರುಗುಬಾಣ. ಆದೇಶವಾದ ಮೇಲೆ ದೊಡ್ಡಪ್ಪ ಬಂದು ತನಗೆ ನೋಟಿಸೇ ಬಂದಿಲ್ಲವೆಂದರೆ ಮೊದಲಿನಿಂದ ಶುರು.

ನೋಟಿಸ್ ಜಾರಿಯಾಗದಿರುವುದೇ ವಿಳಂಬಕ್ಕೆ ಬಹುಪಾಲು ಕಾರಣ. ಅಪ್ಪ ಜೈಲಿನಲ್ಲಿದ್ದರೆ ಜೈಲು ಅಧೀಕ್ಷಕರ ಮೂಲಕ ಕಳಿಸಲು ಕೋರಿ. ಊರು ಬಿಟ್ಟಿದ್ದರೆ ಕೊನೆಯ ವಿಳಾಸದ ದಾಖಲೆ ಕೊಟ್ಟು ಪತ್ರಿಕಾ ಪ್ರಕಟಣೆಗೆ ಅನುಮತಿ ಕೇಳಿ. ಇದೆಲ್ಲ ನಡೆಯುವವರೆಗೆ ಮಗು ಬೀದಿಪಾಲಾಗಬಾರದೆಂದೇ 12ನೇ ಕಲಂನಲ್ಲಿ ಮಧ್ಯಂತರ ಆದೇಶದ ಅವಕಾಶವಿದೆ; ಮುಖ್ಯ ಅರ್ಜಿಯ ಜೊತೆಗೇ ಅದನ್ನೂ ಹಾಕಿಸಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಸಹಾಯವಾಣಿ 15100.

ನ್ಯಾಯಾಧೀಶರು ತೂಗುವುದು ಮಗುವಿನ ಹಿತ: ವಯಸ್ಸು, ನಿಮ್ಮ ನಡತೆ ಮತ್ತು ಸಾಮರ್ಥ್ಯ, ಎಷ್ಟು ಹತ್ತಿರದ ನೆಂಟರು, ಮೊದಲಿನಿಂದ ಮಗುವಿನೊಡನೆ ಒಡನಾಟ ಹೇಗಿತ್ತು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ, ಸಾಮಾನ್ಯವಾಗಿ ತಮ್ಮ ಕೊಠಡಿಗೆ ಕರೆಸಿ. ಮಗುವಿಗೆ ಮಾತು ಕಲಿಸಿ ಕಳಿಸಬೇಡಿ. ‘ಅಪ್ಪ ನನ್ನನ್ನು ಮಾನಸಿಕವಾಗಿ ಹಿಂಸಿಸಿರುತ್ತಾರೆ’ ಎಂದು ಎಂಟು ವರ್ಷದ ಕೂಸು ಹೇಳಿದರೆ ಆ ಮಾತು ಯಾರದೆಂದು ಅವರಿಗೆ ಕೂಡಲೇ ತಿಳಿಯುತ್ತದೆ, ನಿಜವಾದ ನೋವೂ ಸುಳ್ಳಿನಂತೆ ಕಾಣುತ್ತದೆ.

ಗಾರ್ಡಿಯನ್ ಆದ ಮೇಲೆ ಕಟ್ಟುಪಾಡುಗಳಿವೆ. ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಸಾಗಿಸುವಂತಿಲ್ಲ. ತುಮಕೂರಿನಲ್ಲಿ ಆದೇಶ ಪಡೆದು ಕೆಲಸಕ್ಕೆಂದು ಬೆಂಗಳೂರಿನ ಪೀಣ್ಯದ ಕಡೆ ಮನೆ ಮಾಡುವವರು ಮೊದಲು ಅರ್ಜಿ ಹಾಕಬೇಕು. ಆಸ್ತಿಯ ಗಾರ್ಡಿಯನ್ ಆದರೆ ಜಮೀನನ್ನು ಮಾರಲು, ಅಡವಿಡಲು, ದಾನ ಕೊಡಲು, 5 ವರ್ಷ ಮೀರಿ ಗುತ್ತಿಗೆಗೆ ಕೊಡಲು ಪ್ರತ್ಯೇಕ ಅನುಮತಿ ಬೇಕು. ಕೋರ್ಟು ಕೇಳಿದರೆ ಆರು ತಿಂಗಳೊಳಗೆ ಸ್ಥಿರಾಸ್ತಿ, ಹಣ, ಸಾಲ ಎಲ್ಲದರ ಪಟ್ಟಿ ಸಲ್ಲಿಸಬೇಕು, ಲೆಕ್ಕ ಒಪ್ಪಿಸಬೇಕು. ಅಜ್ಜಿಯಾದರೂ ಅಷ್ಟೇ, ಸೋದರಮಾವನಾದರೂ ಅಷ್ಟೇ.

ಇದು ಅಗತ್ಯ ಕೂಡ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೋ ಹೆದ್ದಾರಿಗೋ ಜಮೀನು ಹೋಗಿ ಮಗುವಿನ ಪಾಲಿಗೆ ಪರಿಹಾರ ಬರುವಂತಾದರೆ, ಅಲ್ಲಿಯವರೆಗೆ ಕಾಣದ ನೆಂಟರೂ ಮಗು ತಮಗೆ ಬೇಕೆನ್ನುತ್ತಾರೆ. ಆ ಹಣವನ್ನು ಮಗುವಿನ ಹೆಸರಲ್ಲಿ 18 ತುಂಬುವವರೆಗೆ ಠೇವಣಿ ಇಡಿಸಿ, ಬಡ್ಡಿ ಮಾತ್ರ ಖರ್ಚಿಗೆ ಸಿಗುವಂತೆ ಕೋರಿ. ವಂಶವೃಕ್ಷ, ಪಹಣಿ ತೆಗೆಸಿ, ಪೌತಿ ಖಾತೆಯಲ್ಲಿ ಮಗುವಿನ ಹೆಸರು ಸೇರಿದೆಯೇ ಎಂದು ನೋಡಿ. ತಾಯಿಯನ್ನು ಕೊಂದ ಪ್ರಕರಣದಲ್ಲಿ ತಂದೆ ಜೈಲಿನಲ್ಲಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ ಕೊಲೆ ಮಾಡಿದವನಿಗೆ ಆಕೆಯ ಆಸ್ತಿಯಲ್ಲಿ ಪಾಲಿಲ್ಲ. ಇದು ಗೊತ್ತಿಲ್ಲದೆ ಅವನ ಹೆಸರನ್ನೂ ಖಾತೆಗೆ ಸೇರಿಸಿ ಆಮೇಲೆ ಪರದಾಡುತ್ತಾರೆ.

ದತ್ತು

ಗಾರ್ಡಿಯನ್‌ಶಿಪ್ ಮಗುವಿಗೆ 18 ತುಂಬಿದಾಗ ಮುಗಿಯುತ್ತದೆ; ತಂದೆಯ ಅನರ್ಹತೆ ನೀಗಿತೆಂದು ಕೋರ್ಟು ಕಂಡುಕೊಂಡರೆ ಅದಕ್ಕೂ ಮೊದಲೇ. ದತ್ತು ಹಾಗಲ್ಲ, ರದ್ದಾಗುವುದಿಲ್ಲ. ಹುಟ್ಟಿದ ಮನೆಯ ಕಾನೂನು ಸಂಬಂಧ ಕಡಿದುಹೋಗುತ್ತದೆ. ಹೆತ್ತವರು ಇಬ್ಬರೂ ಇಲ್ಲವಾದ, ಅಥವಾ ಬದುಕಿದ್ದೂ ಮಗುವನ್ನು ಪೂರ್ತಿ ಕೈಬಿಟ್ಟ ಸಂದರ್ಭಕ್ಕೆ ಇದು ಸರಿ. ತಾಯಿ ಚಿಕಿತ್ಸೆಯಲ್ಲಿದ್ದು ಚೇತರಿಸಿಕೊಳ್ಳುವ ನಿರೀಕ್ಷೆ ಇದ್ದರೆ ದತ್ತಿನ ಮಾತೇ ಎತ್ತಬೇಡಿ.

1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಮಗುವಿಗೆ 15 ತುಂಬಿರಬಾರದು. ಗಂಡಸು ಹೆಣ್ಣುಮಗುವನ್ನು, ಹೆಂಗಸು ಗಂಡುಮಗುವನ್ನು ದತ್ತು ಪಡೆಯುವಾಗ 21 ವರ್ಷದ ಅಂತರ ಇರಬೇಕು. ಕಿರಿಯ ಸೋದರಮಾವನೊಬ್ಬ ಅಕ್ಕನ ಮಗಳನ್ನು ದತ್ತು ಪಡೆಯಲು ಹೊರಟಾಗ ಈ ಅಂತರವೇ ಸಾಲದೆ ಹೋಗುತ್ತದೆ. ಬಾಲನ್ಯಾಯ ಕಾಯ್ದೆಯ ನೆಂಟರ ದತ್ತಿಗೆ ಧರ್ಮದ ಕಟ್ಟಿಲ್ಲ, ಜಿಲ್ಲಾಧಿಕಾರಿಯ ಆದೇಶ ಸಾಕು, 5 ವರ್ಷ ದಾಟಿದ ಮಗುವಿನ ಒಪ್ಪಿಗೆ ಬೇಕು. ಆದರೆ ಅಲ್ಲಿ ‘ನೆಂಟರು’ ಎಂದರೆ ಅಜ್ಜ-ಅಜ್ಜಿ, ಚಿಕ್ಕಪ್ಪ-ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ-ದೊಡ್ಡಮ್ಮ ಮಾತ್ರ. ಮದುವೆಯಾಗಿ ನೆಲೆನಿಂತ ಸ್ವಂತ ಅಕ್ಕ ಆ ಪಟ್ಟಿಯಲ್ಲಿಲ್ಲ. ಅವಳಿಗೆ ಗಾರ್ಡಿಯನ್‌ಶಿಪ್ಪೇ ದಾರಿ.

ಹೆತ್ತವರಿಂದ ಸಮಿತಿಯ ಮುಂದೆ ‘ಸರೆಂಡರ್’ (ಮಗುವನ್ನು ಬಿಟ್ಟುಕೊಡುವ ಪತ್ರ) ಬರೆಸಲು ಅವಸರ ಮಾಡುವ ನೆಂಟರಿದ್ದಾರೆ. ಮನಸ್ಸು ಬದಲಿಸಲು ಹೆತ್ತವರಿಗಿರುವುದು 2 ತಿಂಗಳು ಮಾತ್ರ. ಆಮೇಲೆ ಮಗು ದತ್ತಿಗೆ ಮುಕ್ತವಾಗಿ, ನೀವು ಕಾಣದ ಊರಿನ ಕುಟುಂಬ ಸೇರಬಹುದು. ಮಗುವನ್ನು ಸಾಕಲು ನೀವೇ ಸಿದ್ಧರಿದ್ದರೆ ಅದಕ್ಕೆ ಸರೆಂಡರ್ ಬೇಡವೇ ಬೇಡ, ಅರ್ಹ ವ್ಯಕ್ತಿಯ ಆದೇಶ ಕೇಳಿ.

18 ಹತ್ತಿರ ಬಂದಾಗ

ಬಾಲಮಂದಿರದಿಂದ ಹೊರಬರುವವರಿಗೆ 21ರವರೆಗೆ ಅನುಪಾಲನಾ (ಹೊರಬಂದ ಮೇಲೆ ಸ್ವಂತ ಕಾಲ ಮೇಲೆ ನಿಲ್ಲಲು ಕೊಡುವ) ನೆರವಿದೆ; ಅರ್ಜಿಯನ್ನು 18 ತುಂಬುವ ಮೊದಲೇ ರಕ್ಷಣಾ ಘಟಕಕ್ಕೆ ಕೊಡಿ. ಗಾರ್ಡಿಯನ್ ಬಳಿ ಬೆಳೆದವರು ಠೇವಣಿ ರಸೀದಿ, ಪಹಣಿ, ಕೋರ್ಟಿನ ಆದೇಶದ ದೃಢೀಕೃತ ಪ್ರತಿ ತಮ್ಮ ಕೈಗೆ ಪಡೆಯಬೇಕು. ಕೋರ್ಟಿನ ಅನುಮತಿ ಇಲ್ಲದೆ ಗಾರ್ಡಿಯನ್ ಜಮೀನು ಮಾರಿದ್ದು ಆಗ ಗೊತ್ತಾದರೆ, ಆ ಮಾರಾಟ ರದ್ದುಪಡಿಸಲು ದಾವೆ ಹಾಕಬೇಕಾದದ್ದು ವಯಸ್ಕರಾದ 3 ವರ್ಷದೊಳಗೆ, ಅಂದರೆ 21 ತುಂಬುವ ಮುನ್ನ.